ಗಂಟಿನ ಗುಟ್ಟು

೨೦೨೨ನೆಯ ಇಸವಿಯಲ್ಲಿ ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಬೆಳಗಿನ ಹಾಲು ಒಲೆಯ ಮೇಲೇರುವಾಗ ಅದರ ಜತೆಗೆ ಒಂದು ಅನುಮಾನವೂ ಕುದಿಯುತ್ತಿತ್ತು. ಹಳ್ಳಿಗಳ ಕಡೆ ದನಗಳ ಮೈಮೇಲೆ ಗಂಟುಗಳೇಳುತ್ತಿವೆಯಂತೆ. ಈ ಹಾಲನ್ನು ಮಕ್ಕಳಿಗೆ ಕೊಡಬಹುದೆ? ಧಾರಾಳವಾಗಿ ಕೊಡಬಹುದಾಗಿತ್ತು. ಚರ್ಮಗಂಟು ರೋಗ ಮನುಷ್ಯರಿಗೆ ಅಂಟುವುದಲ್ಲ. ಕಾಯಿಸಿದ ಹಾಲಿನಿಂದ ಭಯವೂ ಇಲ್ಲ. ನಿಜವಾಗಿ ಭಯಪಡಬೇಕಾಗಿದ್ದವನು ಆ ಹಾಲನ್ನು ಕರೆದು ಕಳುಹಿಸಿದ ರೈತ. ಮೊದಲು ಜ್ವರ, ಕಣ್ಣು ಮೂಗುಗಳಲ್ಲಿ ನೀರು. ಆಮೇಲೆ ಕತ್ತು, ಬೆನ್ನು, ಕೆಚ್ಚಲು, ಕಾಲುಗಳ ಮೇಲೆಲ್ಲ ಅಡಕೆಯಷ್ಟು, ನಿಂಬೆಯಷ್ಟು ದಪ್ಪದ ಗಂಟುಗಳು. ಹಾಲು ಬತ್ತುತ್ತದೆ. ಗಬ್ಬವಾದ ಹಸು ಕಂದುಹಾಕುವುದೂ ಉಂಟು. ಎತ್ತಿನ ಕಾಲು ಬಾತು ಅದು ನೊಗಕ್ಕೆ ಬಾರದಾಗುತ್ತದೆ. ಗಂಟು ಒಡೆದು ಹುಣ್ಣಾದರೆ, ಬದುಕಿ ಉಳಿದ ರಾಸಿನ ತೊಗಲೂ ಬೆಲೆಗೆಡುತ್ತದೆ.

ಈ ರೋಗದ ಚರಿತ್ರೆ ತೀರ ಹಳೆಯದಲ್ಲ. ೧೯೨೯ರಲ್ಲಿ ಆಫ್ರಿಕಾ ಖಂಡದ ಉತ್ತರ ರೊಡೇಷಿಯದಲ್ಲಿ, ಎಂದರೆ ಇಂದಿನ ಜಾಂಬಿಯದಲ್ಲಿ, ಪಶುವೈದ್ಯರು ಇದನ್ನು ಮೊದಲಬಾರಿಗೆ ಕಂಡರು. ಕಂಡದ್ದೇನೋ ಸರಿ, ತಿಳಿದದ್ದು ಬೇರೆ. ದನವು ಯಾವುದೋ ವಿಷದ ಗಿಡವನ್ನು ಮೇದಿರಬೇಕು, ಇಲ್ಲವೆ ಹುಳುಹುಪ್ಪಟೆ ಕಡಿದ ನಂಜು ಮೈಗೇರಿರಬೇಕು ಎಂದು ಭಾವಿಸಿ, ‘ಹುಸಿ ಪಿತ್ತಗಂಧೆ’ ಎಂಬ ಅರ್ಥದ ಹೆಸರನ್ನು ಇಟ್ಟರು. ಅವರನ್ನು ಇಂದು ಹಳಿಯುವುದು ಸುಲಭ. ಮಳೆ ಹಿಡಿದು ನೊಣ ಸೊಳ್ಳೆಗಳು ಮುತ್ತುವ ಕಾಲಕ್ಕೇ ರೋಗವೂ ತಲೆಯೆತ್ತುತ್ತಿತ್ತು. ಕಣ್ಣಿಗೆ ಕಂಡದ್ದರ ಮೇಲೆ ಅವರು ಊಹೆ ಕಟ್ಟಿದರು. ಆದರೆ ಆ ಊಹೆಗೆ ತೆತ್ತ ಬೆಲೆ ದೊಡ್ಡದು. ಮೇವಿನ ನಂಜಾದರೆ ಹುಲ್ಲುಗಾವಲನ್ನು ಬದಲಾಯಿಸಿದರೆ ಸಾಕು. ಅಂಟುಜಾಡ್ಯವೆಂದು ತಿಳಿಯದಿದ್ದ ಮೇಲೆ, ನೆರಳಿದ ದನವನ್ನು ಮಂದೆಯಿಂದ ಬೇರೆ ಕಟ್ಟುವವರಾದರೂ ಯಾರು?

೧೯೪೩ರ ಹೊತ್ತಿಗೆ ಅದು ಇಂದಿನ ಬೋಟ್ಸ್‌ವಾನಾದ ಮಂದೆಗಳಲ್ಲಿ ಕಾಣಿಸಿಕೊಂಡಿತು. ಮರುವರ್ಷ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಪ್ರಾಂತ. ಅಲ್ಲಿಂದ ಮುಂದೆ ತಡೆಯೇ ಇಲ್ಲ: ೧೯೪೯ರವರೆಗೆ ಸುಮಾರು ೮೦ ಲಕ್ಷ ದನಗಳು ಇದಕ್ಕೆ ತುತ್ತಾದುವೆಂದು ಲೆಕ್ಕ.

ಈ ನಡುವೆ, ೧೯೪೫ರ ಸುಮಾರಿಗೆ, ದಕ್ಷಿಣ ಆಫ್ರಿಕಾದ ಸಂಶೋಧಕರು ಒಂದು ಸರಳವಾದ ಪರೀಕ್ಷೆಯನ್ನು ಮಾಡಿ ನೋಡಿದರು. ರೋಗದ ದನದ ಗಂಟನ್ನು ಕೊಯ್ದು, ಅರೆದು, ಅದರ ರಸವನ್ನು ಆರೋಗ್ಯವಾಗಿದ್ದ ದನಕ್ಕೆ ಚುಚ್ಚಿದರು. ಅದಕ್ಕೂ ಗಂಟುಗಳೆದ್ದುವು. ಮೇವಿನ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು. ಇಷ್ಟಕ್ಕೆ ಹದಿನಾರು ವರ್ಷ ಬೇಕಾಯಿತೆ ಎಂದು ಕೇಳುಗರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನನಗೂ ಅನ್ನಿಸಿದ್ದುಂಟು.

ಇನ್ನು ಗಂಟಿನೊಳಗಿನ ಅಪರಾಧಿ ಯಾರೆಂದು ಹಿಡಿಯಬೇಕು. ವೈರಾಣುವನ್ನು ಜೀವಂತ ಕಣಗಳಲ್ಲಲ್ಲದೆ ಬೆಳೆಸಲು ಬಾರದು. ಗಾಜಿನ ಪಾತ್ರೆಯಲ್ಲಿ ಕಣಗಳನ್ನು ಬೆಳೆಸಿ ಅವುಗಳ ಮೇಲೆ ವೈರಾಣುವನ್ನು ಬಿತ್ತುವ ವಿದ್ಯೆ ಆಗತಾನೆ ಬಲಿಯುತ್ತಿತ್ತು. ಪ್ರಿಟೋರಿಯಾ ನಗರದ ಬಳಿಯ ಆಂಡರ್‌ಸ್ಟೆಪೂರ್ಟ್ ಸಂಸ್ಥೆಯಲ್ಲಿ ಅಲೆಗ್ಸಾಂಡರ್, ಪ್ಲೌರೈಟ್, ಹೇಗ್ ಎಂಬ ಮೂವರು ಈ ಕೆಲಸಕ್ಕೆ ಕೈಹಚ್ಚಿ ೧೯೫೭ರಲ್ಲಿ ಫಲವನ್ನು ಪ್ರಕಟಿಸಿದರು. ಹುಡುಕಿದ್ದು ಒಬ್ಬ ಕಳ್ಳನನ್ನು, ಸಿಕ್ಕಿದವರು ಮೂವರು! ಒಂದು ಬಗೆಯ ವೈರಾಣುವಿಗೂ ರೋಗಕ್ಕೂ ಸಂಬಂಧ ಕಾಣಲಿಲ್ಲ. ಅದನ್ನು ‘ತಬ್ಬಲಿ’ ಎಂದು ಕರೆದರು. ಎರಡನೆಯದು ‘ಅಲರ್ಟನ್’, ಅದೂ ಗಂಟುಗಳನ್ನೇಳಿಸುತ್ತದೆ, ಆದರೆ ತೊಗಲಿನ ಮೇಲುಮೇಲೆ, ಕೆಲವು ವಾರಗಳಲ್ಲಿ ಮಾಯುವಂಥವನ್ನು. ಮೂರನೆಯದಾದ ‘ನೀತ್ಲಿಂಗ್’ ಎಂಬುದನ್ನು ಚುಚ್ಚಿದಾಗ ಮಾತ್ರ ಆಳಕ್ಕಿಳಿದ ನಿಜವಾದ ಗಂಟು ಎದ್ದಿತು. ಅದು ಕುರಿಸಿಡುಬು, ಮೇಕೆಸಿಡುಬುಗಳ ದಾಯಾದಿ.

ಆ ಮೂವರಲ್ಲಿ ಪ್ಲೌರೈಟ್ ಎಂಬವರು, ನಮ್ಮ ಹಳ್ಳಿಗರು ‘ದೊಡ್ಡರೋಗ’ವೆನ್ನುತ್ತಿದ್ದ ದನಗಳ ಮಾರಿಗೆ ಮುಂದೆ ಲಸಿಕೆಯನ್ನು ಸಿದ್ಧಪಡಿಸಿದವರು. ೨೦೧೧ರಲ್ಲಿ ಆ ಮಾರಿ ಭೂಮಿಯಿಂದಲೇ ತೊಲಗಿತೆಂದು ಸಾರಲಾಯಿತು.

ಅಪರಾಧಿ ಸಿಕ್ಕಿದರೂ ಅವನ ವಾಹನ ಯಾವುದೆಂಬುದು ಇನ್ನೂ ಗೊತ್ತಾಗಬೇಕಾಗಿತ್ತು. ದನಗಳ ಸಾಗಾಟವನ್ನು ನಿಲ್ಲಿಸಿದರೂ ರೋಗ ಬೇಲಿಯನ್ನು ದಾಟುತ್ತಿತ್ತು. ೨೦೦೧ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ರೋಗದ ದನದ ಗಂಟುಗಳ ಮೇಲೆ ಈಡಿಸ್ ಈಜಿಪ್ಟಿ ಜಾತಿಯ ಸೊಳ್ಳೆಗಳನ್ನು ಬಿಟ್ಟು, ಕೆಲವು ದಿನಗಳ ತರುವಾಯ ಅವನ್ನೇ ಆರೋಗ್ಯದ ದನಗಳ ಮೇಲೆ ಬಿಡಲಾಯಿತು. ಸೊಳ್ಳೆಗಳು ರೋಗವನ್ನು ದಾಟಿಸಿದುವು. ನಮ್ಮ ಮನೆಗಳ ಹೂಕುಂಡ, ನೀರಿನ ತೊಟ್ಟಿಗಳಲ್ಲಿ ಹುಟ್ಟಿ ಡೆಂಗಿ ಜ್ವರವನ್ನು ಹರಡುವುದೂ ಇದೇ ಸೊಳ್ಳೆ. ದನವನ್ನು ಕಚ್ಚುವ ನೊಣ, ಉಣ್ಣೆಗಳ ಮೇಲೂ ಇದೇ ಆರೋಪವಿದೆ. ಹಾಗೆ ನೋಡಿದರೆ ರೊಡೇಷಿಯದ ಆ ಹಳೆಯ ವೈದ್ಯರ ಊಹೆ ಅರ್ಧ ನಿಜವೇ ಆಗಿತ್ತು: ಕೀಟ ಕಡಿದದ್ದು ಹೌದು, ನಂಜು ಮಾತ್ರ ಕೀಟದ್ದಲ್ಲ.

೧೯೮೮ರಲ್ಲಿ ಈಜಿಪ್ಟ್, ಮುಂದೆ ತುರ್ಕಿ, ಗ್ರೀಸ್. ಕೊನೆಗೆ ೨೦೧೯ರಲ್ಲಿ ನಮ್ಮ ಒಡಿಶಾ. ೨೦೨೨ರ ಹಾವಳಿಯಲ್ಲಿ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮೀರಿ ರಾಸುಗಳು ಸತ್ತುವು. ರಾಜಸ್ಥಾನ, ಗುಜರಾತುಗಳ ಕಡೆ ನಷ್ಟ ವಿಪರೀತ. ಕೈಯಲ್ಲಿದ್ದ ಮದ್ದು ಮೇಕೆಸಿಡುಬಿನ ಲಸಿಕೆ. ಆ ದಾಯಾದಿ ಸಂಬಂಧ ಇಲ್ಲಿ ಉಪಯೋಗಕ್ಕೆ ಬಂತು. ಹಿಸ್ಸಾರ್ ಮತ್ತು ಇಜ್ಜತ್‌ನಗರಗಳ ಸಂಸ್ಥೆಗಳು ಸೇರಿ ಈ ರೋಗಕ್ಕೆಂದೇ ತಯಾರಿಸಿದ ಲಸಿಕೆಯನ್ನು ಅದೇ ಆಗಸ್ಟಿನಲ್ಲಿ ಹೊರತಂದುವು. ಆ ವರ್ಷ ಕರ್ನಾಟಕವೂ ಸೇರಿದಂತೆ ನಾಲ್ಕು ರಾಜ್ಯಗಳ ದನಗಳಿಂದ ತೆಗೆದ ಮಾದರಿಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪರೀಕ್ಷಿಸಿದಾಗ, ವೈರಾಣು ಒಂದಲ್ಲ, ಎರಡು ಬಗೆಯದೆಂದು ಕಂಡಿತು. ಒಂದು ೨೦೧೯ರಲ್ಲಿ ಇಲ್ಲಿ ಕಂಡದ್ದರ ಹತ್ತಿರದ್ದು. ಇನ್ನೊಂದು ೨೦೧೫ರಲ್ಲಿ ರಷ್ಯದಲ್ಲಿ ಸಿಕ್ಕಿದ್ದನ್ನು ಹೋಲುವಂಥದು.

ನಮ್ಮ ರಾಜ್ಯದಲ್ಲಿ ಆ ವರ್ಷ ದನಗಳ ಜಾತ್ರೆ ಸಂತೆಗಳನ್ನು ನಿಲ್ಲಿಸಿದರು. ಪಶುವೈದ್ಯರು ಲಸಿಕೆಯ ಪೆಟ್ಟಿಗೆ ಹಿಡಿದು ಊರೂರು ಸುತ್ತಿದರು. ಸಂಜೆಯಾದರೆ ಕೊಟ್ಟಿಗೆಗಳಲ್ಲಿ ಬೇವಿನ ಸೊಪ್ಪಿನ ಹೊಗೆ ಏಳುತ್ತಿತ್ತು, ಸೊಳ್ಳೆ ಬಾರದಿರಲೆಂದು.