ಹೂವಿನ ಲೆಕ್ಕ, ದೇವರ ಲೆಕ್ಕ

ಗುಡಿಯ ಪೌಳಿಯಲ್ಲಿ ಹೂ ಕಟ್ಟುತ್ತ ಕುಳಿತ ಹಿರಿಯರು ಮಕ್ಕಳಿಗೆ ಹಾಕುವ ಲೆಕ್ಕವೊಂದುಂಟು. ಒಬ್ಬ ಭಕ್ತನು ಬುಟ್ಟಿಯಲ್ಲಿ ಹೂ ಹಿಡಿದು ಮೂರು ಗುಡಿಗಳ ದರ್ಶನಕ್ಕೆ ಹೊರಟನು. ಪ್ರತಿ ಗುಡಿಯ ಮುಂದೆಯೂ ಒಂದು ಹೊಂಡ. ಆ ನೀರಿನಲ್ಲಿ ಅದ್ದಿದರೆ ಹೂಗಳು ಇಮ್ಮಡಿಯಾಗುತ್ತವೆ. ಭಕ್ತನು ಮೂರು ದೇವರಿಗೂ ಸಮಸಮನಾಗಿ ಹೂ ಏರಿಸಿದನು. ಕೊನೆಗೆ ಬುಟ್ಟಿ ಬರಿದಾಯಿತು. ಹಾಗಾದರೆ ಮನೆಯಿಂದ ತಂದ ಹೂ ಕನಿಷ್ಠ ಎಷ್ಟು? ಒಂದೊಂದು ದೇವರಿಗೆ ಏರಿಸಿದ್ದು ಎಷ್ಟು?

ತಂದದ್ದು 7, ಏರಿಸಿದ್ದು 8. ಏಳು ಹದಿನಾಲ್ಕಾಗಿ, ಎಂಟು ಏರಿಸಿದ ಮೇಲೆ ಆರು ಉಳಿಯಿತು. ಆರು ಹನ್ನೆರಡಾಗಿ ನಾಲ್ಕು ಉಳಿಯಿತು. ನಾಲ್ಕು ಎಂಟಾಗಿ, ಆ ಎಂಟೂ ಮೂರನೆಯ ದೇವರಿಗೆ ಸಂದವು. ಮೇಲುನೋಟಕ್ಕೆ ಇದು ಹೊತ್ತು ಕಳೆಯುವ ಆಟ. ಆದರೆ ಆಟದ ಮೂಲಕ ಗಣಿತವನ್ನು ಕಲಿಸುವ ಈ ಪದ್ಧತಿಗೆ ನಮ್ಮ ನಾಡಿನಲ್ಲಿ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ.

ಸೊಲ್ಲಾಪುರ, ಅಕ್ಕಲಕೋಟೆಯ ಈ ಸೀಮೆಯೂ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೂ ಒಂದೇ ರಾಷ್ಟ್ರಕೂಟ ಸಾಮ್ರಾಜ್ಯದಲ್ಲಿದ್ದ ಕಾಲವದು. ಮಳಖೇಡವೇ ಅಂದಿನ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಗುಣಾಕಾರವನ್ನು ಹೇಳಿಕೊಡುವಾಗ ಈ ಆಚಾರ್ಯನು ಅಂಕಿಗಳಿಂದ ಹಾರವನ್ನೇ ಪೋಣಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ, 11111111. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಮಾಲೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಆತನು ಕೊರಳ ಆಭರಣಕ್ಕೆ ಹೋಲಿಸಿದ್ದಾನೆ. ಬೇಸರದ ಗುಣಾಕಾರವನ್ನು ಮಾಡಿ ಮುಗಿಸಿದ ಶಿಷ್ಯನಿಗೆ ಅದೇ ಬಹುಮಾನ. ಉತ್ತರ ತಪ್ಪಿದರೆ ಹಾರ ಕೂಡುವುದಿಲ್ಲ. ಪರೀಕ್ಷಿಸಲು ಗುರುವೇ ಬೇಕೆಂದಿಲ್ಲ.

ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಸಂಸ್ಕೃತವನ್ನು ಅರಿಯದವರಿಗೂ ಶಾಸ್ತ್ರಗಣಿತದ ಬಾಗಿಲು ಇದರಿಂದ ತೆರೆಯಿತು.

ಅದೇ ಶತಮಾನದ ಭಾಸ್ಕರಾಚಾರ್ಯನು 1114ರಲ್ಲಿ ಜನಿಸಿ, 1150ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, 'ಸಿದ್ಧಾಂತಶಿರೋಮಣಿ'ಯನ್ನು ಪೂರೈಸಿದನು. ಅವನ 'ಲೀಲಾವತಿ'ಯಲ್ಲಿ ಪೂಜೆಯ ತಾವರೆಗಳ ಲೆಕ್ಕವೊಂದಿದೆ. ತಾವರೆಗಳ ರಾಶಿಯಲ್ಲಿ ಮೂರನೆಯ ಒಂದು ಪಾಲು ಶಿವನಿಗೆ, ಐದನೆಯ ಒಂದು ಪಾಲು ವಿಷ್ಣುವಿಗೆ, ಆರನೆಯ ಒಂದು ಪಾಲು ಸೂರ್ಯನಿಗೆ, ಕಾಲು ಪಾಲು ದೇವಿಗೆ ಸಂದವು. ಉಳಿದ ಆರು ಗುರುಪಾದಕ್ಕೆ. ಒಟ್ಟು ತಾವರೆ ಎಷ್ಟು? ಉತ್ತರ 120. ಕ್ರಮವಾಗಿ 40, 24, 20, 30, ಕೊನೆಗೆ 6. ಭಿನ್ನರಾಶಿಯೆಂದರೆ ಹೆದರುವ ಮಗುವೂ ದೇವರಿಗೆ ಹೂ ಹಂಚುವುದೆಂದರೆ ಹೆದರದು.

ಇದಕ್ಕಿಂತ ಸೊಗಸಾದದ್ದು ಮೂರ್ತಿಗಳ ಲೆಕ್ಕ. ವಿಷ್ಣುವಿನ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳನ್ನು ಅದಲುಬದಲು ಮಾಡಿದರೆ ಎಷ್ಟು ಬಗೆಯ ಮೂರ್ತಿಗಳಾಗುತ್ತವೆ ಎಂದು ಭಾಸ್ಕರನು ಕೇಳುತ್ತಾನೆ. ಮೊದಲ ಕೈಗೆ ನಾಲ್ಕು ಆಯ್ಕೆ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು, ಕಡೆಯದಕ್ಕೆ ಒಂದು. ಗುಣಿಸಿದರೆ 24. ಸಂಧ್ಯಾವಂದನೆಯಲ್ಲಿ ಕೇಶವನಿಂದ ಕೃಷ್ಣನವರೆಗೆ ಹೇಳುವ ನಾಮಗಳೂ ಇಪ್ಪತ್ತನಾಲ್ಕು. ಆ ಇಪ್ಪತ್ತನಾಲ್ಕು ಮೂರ್ತಿಗಳನ್ನು ಶಿಲ್ಪಿಗಳು ಗುರುತಿಸುವುದೂ ಆಯುಧಗಳ ಕ್ರಮದಿಂದಲೇ. ಹತ್ತು ಕೈಗಳಲ್ಲಿ ಹತ್ತು ವಸ್ತುಗಳನ್ನು ಧರಿಸಿದ ಶಂಭುವಿಗಾದರೋ 36,28,800 ರೂಪಗಳು! ನಿತ್ಯ ಕೈಮುಗಿಯುವ ಮೂರ್ತಿಯಲ್ಲಿಯೇ ಇಂಥ ಗಣಿತ ಅಡಗಿದೆಯೆಂದು ಎಷ್ಟು ಜನ ಭಕ್ತರು ಎಣಿಸಿದ್ದಾರು?

ಈ ವಿದ್ಯೆಯನ್ನು ಉಳಿಸುವುದಕ್ಕೂ ಧರ್ಮಬುದ್ಧಿಯೇ ನೆರವಾಯಿತು. ಮಹಾರಾಷ್ಟ್ರದ ಚಾಳೀಸಗಾಂವ ಸಮೀಪದ ಪಾಟಣದ ದೇವಿಯ ಗುಡಿಯಲ್ಲಿ ಕ್ರಿ.ಶ. 1207ರ ಶಾಸನವೊಂದು ದೊರೆತಿದೆ. ಭಾಸ್ಕರನ ಮೊಮ್ಮಗ ಚಾಂಗದೇವನು ಯಾದವ ಅರಸ ಸಿಂಘಣನ ಆಸ್ಥಾನ ಜ್ಯೋತಿಷಿ. ಅಜ್ಜನ ಗ್ರಂಥಗಳನ್ನು ಪಾಠ ಹೇಳಲೆಂದೇ ಅವನು ಮಠವೊಂದನ್ನು ಸ್ಥಾಪಿಸಿದನು. ನಿಕುಂಭ ವಂಶದ ಸೋಯಿದೇವನು ಅದಕ್ಕೆ ದತ್ತಿ ಬಿಟ್ಟನು. ದೀಪದೆಣ್ಣೆಗೆ, ನೈವೇದ್ಯಕ್ಕೆ ದತ್ತಿ ಬಿಟ್ಟಂತೆ ಲೆಕ್ಕ ಕಲಿಸುವುದಕ್ಕೂ ದತ್ತಿ ಬಿಟ್ಟ ಕಾಲವದು!

ಗಡಿನಾಡಿನ ಮಕ್ಕಳು ಇಂದು ಬೇರೆ ಬೇರೆ ಮಾಧ್ಯಮಗಳಲ್ಲಿ ಗಣಿತ ಕಲಿಯುತ್ತಾರೆ. ಅದು ತಪ್ಪಲ್ಲ, ಯಾವ ಭಾಷೆಯಲ್ಲಿ ಎಣಿಸಿದರೂ ತಾವರೆ 120 ಆಗಲೇಬೇಕು. ಆದರೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ ಮೂರು ಹೊಂಡದ ಒಗಟೂ ಶಾಲೆಯ ಪುಸ್ತಕದಿಂದ ಬರುವುದಿಲ್ಲ. ಅಜ್ಜಿಯ ಬಾಯಿಂದ ಮೊಮ್ಮಗುವಿನ ಕಿವಿಗೆ ಬರಬೇಕು. ಕೇಳುವವರು ನಿಂತರೆ ಒಗಟು ನಿಂತಿತು. ಉತ್ಸವಕ್ಕೆ ಹೂ ಕಟ್ಟಲು ಕುಳಿತಾಗ ಪಕ್ಕದಲ್ಲಿರುವ ಮಗುವಿಗೆ ಈ ಲೆಕ್ಕಗಳಲ್ಲಿ ಒಂದನ್ನಾದರೂ ಹಾಕೋಣ. ಉತ್ತರವನ್ನು ಮಾತ್ರ ಕೂಡಲೇ ಹೇಳದಿರೋಣ. ಮಾಲೆ ಮುಗಿಯುವ ಹೊತ್ತಿಗೆ ಮಗುವೇ ಹೇಳೀತು.