ಆರೋಪಿ ಬಿಡುಗಡೆಯಾದರೂ ಪರಿಹಾರ ಕೇಳಬಹುದು: ಈ ಹಕ್ಕು ಬಂದ ದಾರಿ

ಕೋರ್ಟಿಗೆ ವರದಿಗೆಂದು ಹೋದಾಗ ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತೊಂದಿದೆ: 'ಕೇಸೇ ಬಿದ್ದುಹೋಯ್ತು, ಇನ್ನೆಲ್ಲಿಯ ಪರಿಹಾರ?' ಸಾಕ್ಷಿ ತಿರುಗಿ ಬೀಳುತ್ತಾರೆ, ಆರೋಪಿ ಮನೆಗೆ ಹೋಗುತ್ತಾನೆ, ನೊಂದ ಮನೆಯವರು ಬಸ್ಸಿನ ದುಡ್ಡು ಎಣಿಸಿಕೊಂಡು ಊರಿಗೆ ಹೊರಡುತ್ತಾರೆ. 2009ರ ಕೊನೆಯವರೆಗೆ ಆ ಮಾತು ಬಹುಮಟ್ಟಿಗೆ ನಿಜವೇ ಆಗಿತ್ತು. ಈಗ ಅಲ್ಲ.

ನಮ್ಮ ಊರುಗಳ ಕೆರೆ ಏರಿ ಮೇಲೆ, ಗುಡಿ ಮುಂದೆ ವೀರಗಲ್ಲುಗಳಿವೆ. ಅವುಗಳಲ್ಲಿ ಎಷ್ಟೋ ಕಲ್ಲುಗಳು ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವರವು. ಹೀಗೆ ಹೋರಾಡಿ ಸತ್ತವರ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಇತ್ತು. ಶಾಸನಗಳಲ್ಲಿ ಅದಕ್ಕೆ ನೆತ್ತರುಕೊಡಗೆ ಎಂಬ ಹೆಸರಿದೆ. ಆದರೆ ಅದು ಶೌರ್ಯಕ್ಕೆ ಮೆಚ್ಚಿ ಕೊಟ್ಟದ್ದು. ಸುಮ್ಮನೆ ಪೆಟ್ಟು ತಿಂದವರು ಕೇಳಿ ಪಡೆಯುವ ಹಕ್ಕಾಗಿರಲಿಲ್ಲ.

ಬ್ರಿಟಿಷರ ಕಾನೂನಿನಲ್ಲಿ ಅಪರಾಧವೆಂದರೆ ಸರ್ಕಾರ ಮತ್ತು ಆರೋಪಿಯ ನಡುವಿನ ವಿಷಯ. ನೊಂದವರು ಬರೀ ಸಾಕ್ಷಿ. 1898ರ ದಂಡ ಪ್ರಕ್ರಿಯಾ ಸಂಹಿತೆಯ 545ನೇ ಕಲಮಿನಲ್ಲಿ, ವಸೂಲಾದ ದಂಡದಲ್ಲೇ ಒಂದು ಪಾಲು ನೊಂದವರಿಗೆ ಕೊಡಿಸಬಹುದಿತ್ತು. 1973ರ ಹೊಸ ಸಂಹಿತೆಯ 357ನೇ ಕಲಂ ಒಂದು ಹೆಜ್ಜೆ ಮುಂದೆ ಹೋಯಿತು. ದಂಡ ಹಾಕದಿದ್ದರೂ ಅಪರಾಧಿ ಪರಿಹಾರ ಕೊಡಲಿ ಎಂದು ಕೋರ್ಟ್ ಹೇಳಬಹುದಾಯಿತು. ಕೋರ್ಟುಗಳು ಇದನ್ನು ಬಳಸುವುದೇ ಅಪರೂಪವಾಗಿತ್ತು. 1988ರಲ್ಲಿ ಹರಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ 'ಧಾರಾಳವಾಗಿ ಬಳಸಿ' ಎಂಬ ಅರ್ಥದಲ್ಲಿ ಹೇಳಬೇಕಾಯಿತು.

ಆದರೂ ಗಂಟು ಬಿಚ್ಚಲಿಲ್ಲ. ಏಕೆಂದರೆ ದುಡ್ಡು ಅಪರಾಧಿಯ ಜೇಬಿನಿಂದಲೇ ಬರಬೇಕಿತ್ತು. ಅವನು ಸಿಗಬೇಕು, ತಪ್ಪು ಸಾಬೀತಾಗಬೇಕು, ಅವನ ಕೈಯಲ್ಲಿ ಕಾಸೂ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ನೊಂದವರಿಗೆ ಬರಿಗೈ.

ಹೊರಗಿನ ದೇಶಗಳು ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದವು. ಸರ್ಕಾರವೇ ಪರಿಹಾರ ಕೊಡಬೇಕೆಂದು ನ್ಯೂಜಿಲೆಂಡ್ 1963ರಲ್ಲಿ ಕಾನೂನು ಮಾಡಿತು. ಮರುವರ್ಷ ಬ್ರಿಟನ್ ಕೂಡ ಯೋಜನೆ ತಂದಿತು. 1985ರಲ್ಲಿ ವಿಶ್ವಸಂಸ್ಥೆ ಅಪರಾಧಕ್ಕೆ ಬಲಿಯಾದವರ ನ್ಯಾಯದ ಬಗ್ಗೆ ಘೋಷಣೆ ಹೊರಡಿಸಿತು.

ಈ ಮಾತನ್ನು ನಮ್ಮಲ್ಲಿ ಖಚಿತವಾಗಿ ಹೇಳಿದವರಲ್ಲಿ ಒಬ್ಬರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರು. ಅವರ ಸಮಿತಿಯ 2003ರ ವರದಿಯ ಬೇರೆ ಕೆಲವು ಶಿಫಾರಸುಗಳಿಗೆ ಬಲವಾದ ವಿರೋಧ ಬಂತು. ಆದರೆ ಗಂಭೀರ ಅಪರಾಧಗಳಲ್ಲಿ ಆರೋಪಿ ಸಿಗಲಿ ಬಿಡಲಿ, ಶಿಕ್ಷೆಯಾಗಲಿ ಬಿಡಲಿ, ಪರಿಹಾರ ಸರ್ಕಾರದ ಹೊಣೆ ಎಂಬ ಅವರ ಮಾತು ಮುಂದೆ ಕಾನೂನಿನಲ್ಲೂ ಬಂತು.

2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ 357-ಎ ಕಲಂ ಸೇರಿತು. ಪ್ರತಿ ರಾಜ್ಯವೂ ಸಂತ್ರಸ್ತರ ಪರಿಹಾರ ಯೋಜನೆ ಮಾಡಬೇಕೆಂದಿತು. ನಮ್ಮ ರಾಜ್ಯದ ಯೋಜನೆಯ ಹೆಸರಿನಲ್ಲಿರುವ ವರ್ಷ 2011. 2013ರಲ್ಲಿ ಲಕ್ಷ್ಮಿ ಪ್ರಕರಣದಲ್ಲಿ, ಆಸಿಡ್ ದಾಳಿಗೆ ಒಳಗಾದವರಿಗೆ ಕನಿಷ್ಠ 3 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ 1 ಲಕ್ಷವನ್ನು 15 ದಿನದೊಳಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಸಿಡ್ ದಾಳಿ, ಅತ್ಯಾಚಾರ ಪ್ರಕರಣಗಳಲ್ಲಿ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆಂಬ ನಿಯಮವೂ ಅದೇ ವರ್ಷ ಬಂತು.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಕ್ಕು ಹೋಗಿಲ್ಲ, ನಂಬರ್ ಬದಲಾಗಿದೆ ಅಷ್ಟೆ. ಈಗ ಅದು 396ನೇ ಕಲಂ. ಅದು ಹೇಳುವುದು ಹೀಗೆ:

ಒಂದು, ಆರೋಪಿ ಬಿಡುಗಡೆಯಾದರೂ, ನೊಂದವರಿಗೆ ಪುನರ್ವಸತಿ ಬೇಕೆನಿಸಿದರೆ ಕೋರ್ಟ್ ಪರಿಹಾರಕ್ಕೆ ಶಿಫಾರಸು ಮಾಡಬಹುದು.

ಎರಡು, ಆರೋಪಿ ಯಾರೆಂದೇ ಪತ್ತೆಯಾಗದೆ ವಿಚಾರಣೆಯೂ ನಡೆಯದಿದ್ದರೆ, ನೊಂದವರು ಅಥವಾ ಅವರನ್ನು ನಂಬಿಕೊಂಡವರು ನೇರವಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ 2 ತಿಂಗಳೊಳಗೆ ವಿಚಾರಣೆ ಮುಗಿಸಿ ಪರಿಹಾರ ತೀರ್ಮಾನಿಸಬೇಕು.

ಮೂರು, ಠಾಣಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರ ಇದ್ದರೆ, ಚಿಕಿತ್ಸೆಗೆ ಮತ್ತು ಮಧ್ಯಂತರ ನೆರವಿಗೆ ಪ್ರಾಧಿಕಾರ ಕೂಡಲೇ ಆದೇಶ ಮಾಡಬಹುದು.

ಕೋರ್ಟ್ 'ಮಾಡಬಹುದು' ಎನ್ನುವಲ್ಲಿ ಯಾರಾದರೂ ಕೇಳಬೇಕು. ನಮ್ಮೂರುಗಳಲ್ಲಿ ತಪ್ಪುತ್ತಿರುವುದು ಅಲ್ಲೇ. ತೀರ್ಪಿಗೆ ಮೊದಲೇ ಸರ್ಕಾರಿ ವಕೀಲರಿಗೆ ಈ ಕಲಂ ನೆನಪಿಸಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗುತ್ತದೆ, ಅದನ್ನೂ ಆಸ್ಪತ್ರೆಯ ಕಾಗದಗಳನ್ನೂ ಜೋಪಾನವಾಗಿಡಿ. ಅರ್ಜಿಗೆ ಕಾಲಮಿತಿ ಇರುವುದರಿಂದ ಕೇಸು ಮುಗಿಯಲಿ ಎಂದು ಕಾಯಬೇಡಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ನೆತ್ತರುಕೊಡಗೆ ದೊರೆ ಮೆಚ್ಚಿದರೆ ಸಿಗುತ್ತಿತ್ತು. ಇದಕ್ಕೆ ಯಾರ ಮೆಚ್ಚುಗೆಯೂ ಬೇಕಿಲ್ಲ, ಒಂದು ಅರ್ಜಿ ಬೇಕು.