ಹೈದರಾಬಾದ್ ಮಹಾಧಿವೇಶನ, 2018

ಭಾರತ ಕಮ್ಯುನಿಸ್ಟ್ ಪಕ್ಷ (ಮಾರ್ಕ್ಸ್‌ವಾದಿ) 2018ರ ಏಪ್ರಿಲ್ 18ರಿಂದ 22ರವರೆಗೆ ಹೈದರಾಬಾದಿನಲ್ಲಿ ನಡೆಸಿದ 22ನೆಯ ಅಖಿಲ ಭಾರತ ಮಹಾಧಿವೇಶನ. ಸೀತಾರಾಂ ಯೆಚೂರಿ ಪ್ರಧಾನ ಕಾರ್ಯದರ್ಶಿಯಾಗಿ ಪುನರಾಯ್ಕೆಯಾದರು. ಈ ಮಹಾಧಿವೇಶನದ ಹೊತ್ತಿನ ಜಾಗತಿಕ ಸ್ಥಿತಿಗೆ ಬಂದರೆ, ಬಲಾಢ್ಯ ರಾಷ್ಟ್ರಗಳ ನಡುವಿನ ಪೈಪೋಟಿಗೆ 2008ರ ಆರ್ಥಿಕ ಬಿಕ್ಕಟ್ಟಿನಿಂದ ಬಂಡವಾಳಶಾಹಿ ಚೇತರಿಸಿಕೊಳ್ಳದಿರುವುದೇ ಮೂಲವೆಂಬುದು ಎಡಪಂಥೀಯ ವಾದ. 2018ರ ಮಾರ್ಚ್‌ನಲ್ಲಿ ಅಮೆರಿಕ ಆಮದು ಉಕ್ಕಿನ ಮೇಲೆ ಶೇ. 25, ಅಲ್ಯೂಮಿನಿಯಂ ಮೇಲೆ ಶೇ. 10 ಸುಂಕ ವಿಧಿಸಿತ್ತು. ಮುಕ್ತ ವ್ಯಾಪಾರವನ್ನು ಪ್ರತಿಪಾದಿಸಿದ ದೇಶವೇ ಸ್ವರಕ್ಷಣೆಗಿಳಿದದ್ದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ. ಚೀನಾ ಕೂಡ ಬಂಡವಾಳ ರಫ್ತಿನ ಪೈಪೋಟಿಯಲ್ಲಿದೆ ಎಂಬುದು ಇದಕ್ಕೆ ಬರುವ ಮುಖ್ಯ ಆಕ್ಷೇಪ. ಪಕ್ಷದ 2012ರ ಕೋಯಿಕ್ಕೋಡ್ ಸೈದ್ಧಾಂತಿಕ ನಿರ್ಣಯವು ಚೀನಾದ ಅಸಮಾನತೆ, ಭ್ರಷ್ಟಾಚಾರಗಳನ್ನು ಗುರುತಿಸಿಯೂ ಆ ದೇಶವನ್ನು ಸಮಾಜವಾದಿ ರಾಷ್ಟ್ರವೆಂದೇ ಪರಿಗಣಿಸುತ್ತದೆ. ಆಕ್ಷೇಪ ಇದರಿಂದ ಪೂರ್ತಿ ಬಗೆಹರಿಯದು. ಆದರೂ ರಾಷ್ಟ್ರಗಳ ಸೋಲುಗೆಲುವಿಗಿಂತ ದುಡಿಯುವವರ ಮೇಲೆ ಬೀಳುವ ಹೊರೆಯಿಂದ ಪೈಪೋಟಿಯನ್ನು ಅಳೆಯುವುದು ಈ ಎಡಪಂಥೀಯ ದೃಷ್ಟಿಯ ಮಹತ್ವ.